ಐದು ಮನೆಮಾತು, ಒಂದು ಕೋಣೆ: ಹೊಸ ಶಿಕ್ಷಕರ ಮೊದಲ ವರ್ಷಕ್ಕೆ ಜೊತೆಯಾಗುವುದು ಹೇಗೆ?

ಜೂನ್ ತಿಂಗಳ ಎರಡನೇ ವಾರ. ವಿಜಯಪುರ ಜಿಲ್ಲೆಯ ಗಡಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ನಾನು ಅಲ್ಲಿ ಮುಖ್ಯ ಶಿಕ್ಷಕ. ಮಂಡ್ಯ ಕಡೆಯಿಂದ ಹೊಸದಾಗಿ ಬಂದಿದ್ದ ಮೇಡಂ ಒಂದನೇ ತರಗತಿಗೆ ಚಿತ್ರದ ಕಾರ್ಡು ತೋರಿಸುತ್ತಿದ್ದರು. ಕಾರ್ಡಿನಲ್ಲಿ ರೊಟ್ಟಿ ಇತ್ತು. "ಇದೇನು?" ಅಂದರು. ಮುಂದೆ ಕೂತಿದ್ದ ಹುಡುಗ ಎದ್ದು ನಿಂತು ಜೋರಾಗಿ "ಬಾಟಿ" ಅಂದ. "ಬಾಟ್ಲಿ ಅಲ್ಲಪ್ಪ, ಸರಿಯಾಗಿ ನೋಡು" ಅಂದರು ಮೇಡಂ. ಹಿಂದಿನ ಸಾಲಿನವರು ನಕ್ಕರು. ಹುಡುಗ ಕೂತ. ಆಮೇಲೆ ಹತ್ತು ದಿನ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಲಂಬಾಣಿ ಮಾತಿನಲ್ಲಿ ರೊಟ್ಟಿಗೆ ಬಾಟಿ ಅಂತಾರೆ. ಹುಡುಗ ಸರಿಯಾದ ಉತ್ತರವನ್ನೇ ಕೊಟ್ಟಿದ್ದ. ನಾನು ಬಾಗಿಲಲ್ಲೇ ನಿಂತಿದ್ದೆ, ನನಗೆ ಆ ಪದ ಗೊತ್ತೂ ಇತ್ತು. ಹಾಲಿನ ಪುಡಿಯ ಲೆಕ್ಕ ಬರೆಯುವುದು ಬಾಕಿ ಇದೆ ಅಂತ ಸುಮ್ನೆ ಹೋಗಿಬಿಟ್ಟೆ. ತಪ್ಪು ಮೇಡಂದಲ್ಲ, ನನ್ನದು. ಅವರು ಡಿ.ಎಡ್. (ಶಿಕ್ಷಕರ ಡಿಪ್ಲೊಮಾ) ಮುಗಿಸಿದ್ದರು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದರು, ಒಳ್ಳೆಯ ಅಂಕ ತೆಗೆದು ನೌಕರಿ ಹಿಡಿದಿದ್ದರು. ಈ ಕೋಣೆಯಲ್ಲಿ ಕೂತ ಮಕ್ಕಳ ಮನೆಯಲ್ಲಿ ಐದು ಮಾತು ನಡೆಯುತ್ತವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಊರಿನ ಕನ್ನಡ, ತಾಂಡಾದ ಲಂಬಾಣಿ, ಉರ್ದು, ಸೊಲ್ಲಾಪುರ ಕಡೆಯಿಂದ ಬಂದ ಎರಡು ಮನೆಯ ಮರಾಠಿ, ಕಲ್ಲು ಒಡೆಯುವ ಕುಟುಂಬಗಳ ತೆಲುಗು.

ಈ ಲೇಖನ ಬರೆದದ್ದು ಮುಖ್ಯವಾಗಿ ಎಚ್.ಎಂ.ಗಳಿಗೆ (ಮುಖ್ಯ ಶಿಕ್ಷಕರಿಗೆ), ಸಿಆರ್‌ಪಿಗಳಿಗೆ (ಅಕ್ಕಪಕ್ಕದ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳಿಗೆ), ಹೊಸಬರ ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಹಿರಿಯ ಶಿಕ್ಷಕರಿಗೆ. ಹೊಸಬರೂ ಓದಬಹುದು. ನಿಮ್ಮ ಎಚ್.ಎಂ. ಇದನ್ನೆಲ್ಲ ಮಾಡದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಹೆಜ್ಜೆ 1: ಸೇರಿದ ದಿನವೇ ತರಗತಿ ಒಪ್ಪಿಸಬೇಡಿ

ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿ, ಚಾಕ್‌ಪೀಸ್ ಕೊಟ್ಟು, "ಒಂದರಿಂದ ಮೂರು ನಿಮ್ಮದು ಮೇಡಂ" ಅನ್ನುವುದು ನಮ್ಮ ರೂಢಿ. ಅದನ್ನು ಬಿಡಿ. ಮೂರು ದಿನ ಅವರು ಬೇರೆಯವರ ತರಗತಿಯಲ್ಲಿ ಹಿಂದೆ ಕೂತು ನೋಡಲಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮೂರು ದಿನ ಆಗದು, ಗೊತ್ತು. ಒಂದು ದಿನ ಆದರೂ ಕೊಡಿ. ಜೂನ್‌ನಲ್ಲಿ ಹೇಗೂ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡಿಸುವುದು) ನಡೆಯುತ್ತಿರುತ್ತದೆ. ಹೊಸ ಪಾಠ ಶುರುವಾಗಿರುವುದಿಲ್ಲ, ಸಮಯ ಹೊಂದಿಸಬಹುದು.

"ಸುಮ್ನೆ ನೋಡಿ" ಅಂದರೆ ಯಾರೂ ಏನೂ ನೋಡುವುದಿಲ್ಲ. ಕೈಗೆ ಮೂರು ಪ್ರಶ್ನೆ ಕೊಡಿ:

- ಶಿಕ್ಷಕರು ಯಾವ ಮಗುವನ್ನು ಇಡೀ ದಿನ ಒಂದು ಸಲವೂ ಮಾತಾಡಿಸಲಿಲ್ಲ?
- ಯಾವ ಮಗು ಯಾವ ಮಗುವಿನ ಜೊತೆ ಯಾವ ಮಾತಿನಲ್ಲಿ ಮಾತಾಡುತ್ತದೆ?
- ಬರೆಯಲು ಹೇಳಿದಾಗ, ಪಕ್ಕದವನ ಸ್ಲೇಟು ನೋಡಿದ ಮೇಲೆ ಬರೆಯಲು ಶುರು ಮಾಡುವವರು ಯಾರು?

ಮೂರನೇ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಭಾಷೆ ಅರ್ಥವಾಗದ ಮಗು ಮೊದಲು ಸಿಕ್ಕಿಬೀಳುವುದೇ ಅಲ್ಲಿ. ಹೇಳಿದ್ದು ಅದಕ್ಕೆ ಕಿವಿಯಿಂದ ಸಿಗುವುದಿಲ್ಲ, ಹಾಗಾಗಿ ಕಣ್ಣಿನಿಂದ ಹಿಡಿಯುತ್ತದೆ. ಬರೆದದ್ದು ನೋಡಿದರೆ ಎಲ್ಲ ಸರಿ ಇರುತ್ತದೆ. ಮೂರನೇ ತರಗತಿಗೆ ಬಂದಾಗ "ಈ ಮಗುವಿಗೆ ಓದೋಕೇ ಬರಲ್ಲ" ಅಂತ ಗೊತ್ತಾಗುತ್ತದೆ.

ಹೆಜ್ಜೆ 2: ಮಗುವಿಗೆ ಒಂದು ಪುಟ

ನಮ್ಮ ದಾಖಲಾತಿ ವಹಿಯಲ್ಲಿ ಮಾತೃಭಾಷೆ ಅಂತ ಒಂದು ಕಾಲಂ ಇದೆ. ನಾನು ಆ ಶಾಲೆಗೆ ಹೋದಾಗ ಅದರಲ್ಲಿ ಮೇಲೆ ಒಂದು ಕಡೆ "ಕನ್ನಡ" ಅಂತ ಬರೆದು, ಪುಟದ ಕೊನೆಯವರೆಗೂ ಅದೇ ಅದೇ ಗುರುತು ಹಾಕಿತ್ತು. ಬರೆದವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಹಿಂದಿನ ಶಾಲೆಯಲ್ಲಿ ನಾನೂ ಅದನ್ನೇ ಮಾಡಿದ್ದೆ.

ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತನ್ನಿ. ಹೊಸ ಶಿಕ್ಷಕರು ತಮ್ಮ ತರಗತಿಯ ಒಂದೊಂದು ಮಗುವಿಗೆ ಒಂದೊಂದು ಪುಟ ಬಿಡಲಿ. ಮೊದಲ ತಿಂಗಳು ದಿನಕ್ಕೆ ಎರಡು ಮಕ್ಕಳಂತೆ ತುಂಬಿದರೆ ಸಾಕು. ಏನು ಬರೆಯಬೇಕು? ಮನೆಯಲ್ಲಿ ಯಾರು ಯಾರು ಇದ್ದಾರೆ. ಅಮ್ಮನ ಜೊತೆ ಯಾವ ಮಾತು, ಅಜ್ಜಿಯ ಜೊತೆ ಯಾವ ಮಾತು. ಎರಡೂ ಬೇರೆ ಇರಬಹುದು. ಶಾಲೆಗೆ ಹೇಗೆ ಬರುತ್ತದೆ, ಯಾರ ಜೊತೆ ಬರುತ್ತದೆ. ಬೆಳಿಗ್ಗೆ ಏನು ತಿಂದು ಬರುತ್ತದೆ. ವರ್ಷದಲ್ಲಿ ಯಾವ ತಿಂಗಳು ಊರಲ್ಲಿ ಇರುವುದಿಲ್ಲ. ಏನು ಮಾಡುವಾಗ ಮುಖ ಅರಳುತ್ತದೆ. ಕೊನೆಯದನ್ನು ಮರೆಯಬೇಡಿ. ನಮ್ಮ ಆ ಹುಡುಗನ ಪುಟದಲ್ಲಿ ಮೇಡಂ ಬರೆದಿದ್ದರು: "ಕುರಿ ಎಣಿಸುತ್ತಾನೆ. ಮೂವತ್ತರ ತನಕ ತಪ್ಪಿಲ್ಲ. ಸ್ಲೇಟಿನ ಮೇಲೆ ಐದು ಬರೆಯಲು ಬರುವುದಿಲ್ಲ."

ಈ ಒಂದು ಸಾಲು ಎರಡು ದಿನದ ತರಬೇತಿಗಿಂತ ಜಾಸ್ತಿ ಕೆಲಸ ಮಾಡಿತು. ಎಣಿಕೆ ಬರುವ ಮಗುವಿಗೆ ಅಂಕಿ ಕಲಿಸುವುದೇ ಬೇರೆ, ಎಣಿಕೆಯೇ ಬಾರದ ಮಗುವಿಗೆ ಕಲಿಸುವುದೇ ಬೇರೆ.

ನಿಮ್ಮ ಊರು ಯಾವುದೋ ಅದರ ಮೇಲೆ ಪುಟಗಳು ಬದಲಾಗುತ್ತವೆ. ಬೀದರ್‌ನಲ್ಲಿ ಉರ್ದು, ಮರಾಠಿ, ತೆಲುಗು. ಮಂಗಳೂರು ಕಡೆ ತುಳು, ಬ್ಯಾರಿ, ಕೊಂಕಣಿ. ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದವರ ಮಕ್ಕಳು. ಬೆಂಗಳೂರಿನ ಪೀಣ್ಯದ ಸುತ್ತ ಒಡಿಯಾ, ಹಿಂದಿ, ಬಂಗಾಳಿ, ನೇಪಾಳಿ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನುಕುರುಬರ ಮಕ್ಕಳು. ಕನ್ನಡವೇ ಮನೆಮಾತಾದರೂ ಕೆಲಸ ಮುಗಿಯಿತು ಅನ್ನಬೇಡಿ. ನಮ್ಮ ಮೇಡಂ "ಕೂತ್ಕೊಳ್ಳಿ" ಅಂದರೆ ಮಕ್ಕಳು ಮುಖ ಮುಖ ನೋಡುತ್ತಿದ್ದರು. "ಕುಂದ್ರಿ" ಅಂದ ತಕ್ಷಣ ಕೂತರು. ಅವರು ಅದನ್ನೂ ಒಂದು ಪುಟದಲ್ಲಿ ಬರೆದುಕೊಂಡರು.

ಹೆಜ್ಜೆ 3: ಐವತ್ತು ಪದ ಕಲಿಸಿ, ಶಿಕ್ಷಕರಿಗೆ

ಮನೆಮಾತು ಪೂರ್ತಿ ಕಲಿಯಬೇಕಿಲ್ಲ. ಐವತ್ತು ಪದ ಸಾಕು. ನೀರು, ಅನ್ನ, ಅಮ್ಮ, ಮನೆ, ಬಾ, ಕೂರು, ನೋವು, ಉಚ್ಚೆಗೆ ಹೋಗಬೇಕು. ಕೊನೆಯದು ಮೊದಲ ದಿನವೇ ಬೇಕು. ಆ ಮಾತು ಹೇಳಲು ಬಾರದೆ ಒದ್ದೆ ಮಾಡಿಕೊಂಡು ಮರುದಿನ ಶಾಲೆಗೆ ಬಾರದ ಮಕ್ಕಳನ್ನು ನಾನು ನೋಡಿದ್ದೇನೆ.

ಪದ ಎಲ್ಲಿಂದ ತರುವುದು? ನಿಮ್ಮ ಬಿಸಿಯೂಟದ ಕೋಣೆಯಿಂದ. ನಮ್ಮಲ್ಲಿ ಅಡುಗೆ ಮಾಡುವ ಇಬ್ಬರಲ್ಲಿ ಒಬ್ಬರು ತಾಂಡಾದವರು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೇಡಂ ಅವರ ಪಕ್ಕ ಕೂತು ದಿನಕ್ಕೆ ಐದು ಪದ ಬರೆದುಕೊಂಡರು. ಅಮ್ಮನಿಗೆ ಯಾಡಿ, ನೀರಿಗೆ ಪಾಣಿ, ರೊಟ್ಟಿಗೆ ಬಾಟಿ. "ನಮ್ಮ ಮಾತು ಬರಕೊಂಡು ಏನ್ ಮಾಡ್ತೀರಿ ಟೀಚರ್ರ?" ಅಂತ ಆಯಮ್ಮ ನಗುತ್ತಿದ್ದರು. ಎರಡೇ ವಾರಕ್ಕೆ ತಾಂಡಾದ ತಾಯಂದಿರು ಶಾಲೆಯ ಗೇಟಿನ ಹತ್ತಿರ ನಿಂತು ಮಾತಾಡಿಸಲು ಶುರು ಮಾಡಿದರು. ಅದಕ್ಕೂ ಮುಂಚೆ ಗೇಟಿನ ಒಳಗೆ ಬರುತ್ತಿರಲಿಲ್ಲ.

ಪದಗಳನ್ನು ಬಳಸುವ ಕ್ರಮ ಹೀಗೆ. ಮಗು ತನ್ನ ಪದ ಹೇಳಿದರೆ ಮೊದಲು ನೀವು ಅದನ್ನು ತಿರುಗಿ ಹೇಳಿ: "ಹೌದು, ಬಾಟಿ." ಆಮೇಲೆ ಕನ್ನಡ ಪದ ಪಕ್ಕದಲ್ಲಿ ಇಡಿ: "ಬಾಟಿ, ರೊಟ್ಟಿ." ಕೊನೆಗೆ ಹಲಗೆಯ ಮೇಲೆ ಎರಡನ್ನೂ ಕನ್ನಡ ಅಕ್ಷರದಲ್ಲಿ ಬರೆಯಿರಿ. ಲಂಬಾಣಿಗೆ ಅದರದೇ ಲಿಪಿ ಬಳಕೆಯಲ್ಲಿ ಇಲ್ಲ. ಕರ್ನಾಟಕದಲ್ಲಿ ಕನ್ನಡದಲ್ಲಿ ಬರೆಯುತ್ತಾರೆ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ. ಇದು ನಮಗೆ ಅನುಕೂಲವೇ ಆಯಿತು. ಮಗು ತನ್ನ ಅಜ್ಜಿಯ ಪದವನ್ನೇ ಕನ್ನಡ ಅಕ್ಷರದಲ್ಲಿ ಓದುತ್ತದೆ. ಅಕ್ಷರ ಹೊಸದು, ಅರ್ಥ ಹಳೆಯದು.

ಇಲ್ಲಿ ನಲಿಕಲಿಯ ಬಗ್ಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಬಗ್ಗೆ, ಒಂದು ಮಾತು. ಅಲ್ಲಿ ಅಕ್ಷರ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತದೆ. ಊರಿನವರು "ಇದೇನ್ರಿ, ಅಆಇಈ ಕಲಸಂಗಿಲ್ಲೇನು?" ಅಂತ ಜಗಳಕ್ಕೇ ಬರುತ್ತಾರೆ. ಹೊಸ ಶಿಕ್ಷಕರಿಗೆ ಉತ್ತರ ತಿಳಿದಿರಬೇಕು. ಈ ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ಕಲಿತ ವಾರವೇ ಮಗು ಪದ ಓದುತ್ತದೆ. ಆದರೆ ಕನ್ನಡ ಮನೆಮಾತಲ್ಲದ ಮಗುವಿಗೆ ಗರಗಸ ಅನ್ನುವುದು ಬರೀ ಸದ್ದು. ಆದ್ದರಿಂದ ಪಕ್ಕದ ಬಡಿಗೇರ ಮನೆಯಿಂದ ಒಂದು ಗರಗಸ ತಂದು ಕೋಣೆಯಲ್ಲಿ ಒಂದು ಕಟ್ಟಿಗೆ ಕುಯ್ದು ತೋರಿಸಿ. ನಮ್ಮಲ್ಲಿ ಆ ದಿನ ಎಲ್ಲರೂ "ಗರ ಗರ ಗರಗಸ" ಅಂತ ಮನೆಗೆ ಹೋದರು.

ಹೆಜ್ಜೆ 4: ತರಗತಿಯಲ್ಲಿ ಕೂತು ನೋಡುವುದು, ಮತ್ತೆ ಬರುವುದು

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡಲು ನಿಮಗೆ ಸಮಯ ಇದೆ ಅಂದರೆ ಇದನ್ನು ಮಾಡಿ. ಶಿಕ್ಷಕರು ಬೆಳೆಯುವುದು ತಮ್ಮ ಸ್ವಂತ ತರಗತಿಯಲ್ಲಿ. ಅಲ್ಲಿ ಆದದ್ದನ್ನು ಇನ್ನೊಬ್ಬರು ಅವರ ಜೊತೆ ನೋಡಬೇಕು. ನೋಡಿ ಹೋದವರು ಮುಂದಿನ ವಾರ ಮತ್ತೆ ಬರಬೇಕು. ಹೆಚ್ಚಿನ ಕಡೆ ಮೊದಲ ಅರ್ಧ ಆಗುತ್ತದೆ, ಎರಡನೇ ಅರ್ಧ ಆಗುವುದಿಲ್ಲ. ಅಧಿಕಾರಿ ಬರುತ್ತಾರೆ, ಸಂದರ್ಶನ ವಹಿಯಲ್ಲಿ ನಾಲ್ಕು ಸಾಲು ಬರೆಯುತ್ತಾರೆ, ಜೀಪು ಹೋಗುತ್ತದೆ. "ಕಲಿಕಾ ಮಟ್ಟ ಸುಧಾರಿಸುವುದು" ಅನ್ನುವ ಸಾಲನ್ನು ನನ್ನ ಸರ್ವಿಸ್‌ನಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೇಗೆ ಸುಧಾರಿಸುವುದು ಅಂತ ಯಾರೂ ಬರೆದಿರಲಿಲ್ಲ.

ಮಾಡುವ ವಿಧಾನ:

ಹಿಂದಿನ ದಿನವೇ ಹೇಳಿ. "ನಾಳೆ ಎರಡನೇ ಪಿರಿಯಡ್ ನಿಮ್ಮ ತರಗತಿಗೆ ಬರ್ತೀನಿ. ಯಾವ ಮಗುವನ್ನು ನೋಡಲಿ?" ಮಗುವನ್ನು ಶಿಕ್ಷಕರೇ ಆರಿಸಲಿ. ಇದರಿಂದ ಒಂದು ದೊಡ್ಡ ಭಾರ ಇಳಿಯುತ್ತದೆ. ನೀವು ಅವರನ್ನು ಅಳೆಯಲು ಬಂದಿಲ್ಲ, ಅವರು ಹೇಳಿದ ಮಗುವನ್ನು ನೋಡಲು ಬಂದಿದ್ದೀರಿ.

ಕುರ್ಚಿಯ ಮೇಲೆ ಕೂರಬೇಡಿ. ಮಕ್ಕಳ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂರಿ. ಮೊಣಕಾಲು ನೋವಿದ್ದರೆ ಸಣ್ಣ ಸ್ಟೂಲು. ಮೊಬೈಲು ಆಫೀಸಿನಲ್ಲೇ ಇರಲಿ. ಕೈಯಲ್ಲಿ ಒಂದು ಹಾಳೆ. ಕಂಡದ್ದನ್ನು ಮಾತ್ರ ಬರೆಯಿರಿ, ಅನಿಸಿದ್ದನ್ನು ಬೇಡ. ಬಾಟಿ ಹುಡುಗನ ಬಗ್ಗೆ ನಾನು ಬರೆದ ಹಾಳೆ ಹೀಗಿತ್ತು:

10.45. ಮೇಡಂ ಹಾಡು ಹೇಳಿಸಿದರು. ಕೈ ಆಡಿಸಿದ, ಬಾಯಿ ಆಡಿಸಲಿಲ್ಲ.
10.52. "ಪುಸ್ತಕ ತೆಗೀರಿ" ಅಂದರು. ಪಕ್ಕದವಳು ತೆಗೆದ ಮೇಲೆ ತೆಗೆದ.
11.00. ಮೇಡಂ ಇವನ ಸಾಲಿಗೆ ಬಂದರು. ತಲೆ ತಗ್ಗಿಸಿದ. ಅವರು ಮುಂದೆ ಹೋದರು.
11.08. ಪಕ್ಕದವಳ ಕಿವಿಯಲ್ಲಿ ಲಂಬಾಣಿಯಲ್ಲಿ ಏನೋ ಹೇಳಿದ. ಅವಳು ಕನ್ನಡದಲ್ಲಿ ಉತ್ತರ ಹೇಳಿದಳು. ಮೇಡಂ "ಗುಡ್" ಅಂದರು.

ಮಾತು ಅದೇ ದಿನ ಆಗಬೇಕು. ಮಧ್ಯಾಹ್ನ ಊಟದ ನಂತರ ಹದಿನೈದು ನಿಮಿಷ ಸಾಕು. ಮೊದಲು ಮಾತಾಡುವವರು ಶಿಕ್ಷಕರು. ನಾನು "ಮೇಡಂ, ನೀವೇ ಹೇಳ್ರಿ ಮೊದಲು" ಅಂದೆ. ಅವರು "ಸರ್, ಅವನು ಮಾತೇ ಆಡಲ್ಲ. ದಡ್ಡ ಅನ್ಸುತ್ತೆ" ಅಂದರು. ನಾನು ಉತ್ತರ ಕೊಡಲಿಲ್ಲ, ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರು 11.08ರ ಸಾಲನ್ನು ಎರಡು ಸಲ ಓದಿದರು. "ಹಾಗಾದ್ರೆ ಉತ್ತರ ಅವನದ್ದಾ?" ಅಂದರು. "ಹೌದು ಅನಸ್ತದ." ಅಷ್ಟೇ ನಮ್ಮ ಮಾತು.

ಆಮೇಲೆ ಮುಂದಿನ ವಾರಕ್ಕೆ ಒಂದೇ ಒಂದು ಪ್ರಯತ್ನ ಗೊತ್ತು ಮಾಡಿಕೊಳ್ಳಿ. ಅವರು ಆರಿಸಿದ್ದು: ಆ ಇಬ್ಬರನ್ನೂ ಒಟ್ಟಿಗೆ ಎಬ್ಬಿಸಿ ಕೇಳುವುದು, ಹುಡುಗ ತನ್ನ ಮಾತಿನಲ್ಲಿ ಹೇಳಲಿ, ಹುಡುಗಿ ಕನ್ನಡದಲ್ಲಿ ಹೇಳಲಿ. ನಾನಾಗಿದ್ದರೆ ಬೇರೆ ಏನೋ ಆರಿಸುತ್ತಿದ್ದೆ. ಆದರೂ ಬಾಯಿ ಮುಚ್ಚಿಕೊಂಡೆ. ಮುಂದಿನ ಮಂಗಳವಾರ ಅದೇ ಹೊತ್ತಿಗೆ ಹೋಗಿ ಮತ್ತೆ ಕೂತೆ.

ಮಾಡಬಾರದ್ದು ಎರಡು. ಮಕ್ಕಳ ಎದುರು ಶಿಕ್ಷಕರನ್ನು ತಿದ್ದಬೇಡಿ. "ಕೊಡಿ ಇಲ್ಲಿ, ನಾನು ತೋರಿಸ್ತೀನಿ" ಅಂತ ಚಾಕ್‌ಪೀಸ್ ಕಿತ್ತುಕೊಳ್ಳಬೇಡಿ. ಎರಡನೆಯದು ನನ್ನ ಹಳೆಯ ಚಟ. ಬಿಡಲು ವರ್ಷಗಳೇ ಬೇಕಾದವು.

ಎಷ್ಟು ಸಲ ಕೂರಬೇಕು? ಮೊದಲ ಮೂರು ತಿಂಗಳು ವಾರಕ್ಕೆ ಒಂದು ಸಲ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಎಚ್.ಎಂ.ಗೆ ಆಗದಿದ್ದರೆ ಹಿರಿಯ ಶಿಕ್ಷಕರು ಕೂರಲಿ. ಹೊಸಬರೂ ಹಿರಿಯರ ತರಗತಿಯಲ್ಲಿ ಹೀಗೇ ಹಾಳೆ ಹಿಡಿದು ಕೂರಲಿ. ಮೂವತ್ತು ವರ್ಷ ಪಾಠ ಮಾಡಿದವರ ಹಾಳೆಯಲ್ಲೂ 11.08 ಇರುತ್ತದೆ.

ಹೆಜ್ಜೆ 5: ಒಂದು ಕೋಣೆ, ಮೂರು ತರಗತಿ

ಡಿ.ಎಡ್. ಕಾಲೇಜಿನ ಬೋಧನಾಭ್ಯಾಸದಲ್ಲಿ ಒಂದು ತರಗತಿ, ಒಂದು ಪಾಠ, ನಲವತ್ತು ನಿಮಿಷ. ಬಂದು ನೋಡಿದರೆ ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ನಲಿಕಲಿಯಲ್ಲಿ ಮಕ್ಕಳು ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಅರ್ಧ ಸಹಾಯ ಸಾಕಾದವರು ಇನ್ನೊಂದು ಕಡೆ, ಗೆಳೆಯರ ಸಹಾಯದಿಂದ ಕಲಿಯುವವರ ಎರಡು ಗುಂಪು, ತಾವೇ ಮಾಡುವವರದು ಕೊನೆಯದು. ಕಾಗದದ ಮೇಲೆ ಚೆಂದ. ಮೊದಲ ವಾರ ಐದನ್ನೂ ನಡೆಸಲು ಹೋದ ಹೊಸಬರ ಗಂಟಲು ಶುಕ್ರವಾರದ ಹೊತ್ತಿಗೆ ಕಟ್ಟಿರುತ್ತದೆ.

ಹಾಗಾಗಿ ಮೊದಲ ಎರಡು ವಾರ ಬರೀ ಎರಡು ಗುಂಪು ಮಾಡಿಸಿ. ಶಿಕ್ಷಕರ ಜೊತೆ ಕೂರುವ ಗುಂಪು, ತಾವೇ ಕೆಲಸ ಮಾಡುವ ಗುಂಪು. ಎರಡನೇ ಗುಂಪಿನವರು ಹತ್ತು ನಿಮಿಷ ಶಿಕ್ಷಕರನ್ನು ಕರೆಯದೆ ಇರಲು ಕಲಿಯಬೇಕು. ಆ ಅಭ್ಯಾಸ ಬಂದ ಮೇಲೆ ಮೂರನೇ ತಟ್ಟೆ ಇಡಿ. ದಸರಾ ರಜೆಯ ಹೊತ್ತಿಗೆ ಐದು ಆದರೆ ಸಾಕು.

ಹೊಸಬರಿಗೆ ಈ ಪದ್ಧತಿ ಮೇಲಿನಿಂದ ಬಂದ ಆದೇಶದ ಹಾಗೆ ಕಾಣುತ್ತದೆ. ಅದರ ಹುಟ್ಟು ಹೇಳಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಯೂನಿಸೆಫ್ ನೆರವಿನಲ್ಲಿ ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿ ಶಾಲೆಗಳನ್ನು ನೋಡಲು ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಬೇರೆ ಬೇರೆ ಮಟ್ಟದ ಮಕ್ಕಳಿಗೆ ಕಾರ್ಡಿನ ಮೂಲಕ ಕಲಿಸುತ್ತಿದ್ದರು. ವಾಪಸು ಬಂದು ತಾವೇ ಕೂತು ಕನ್ನಡದ ಕಾರ್ಡು ಬರೆದರು. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದು ಹರಡಿದ್ದು 2009ರ ನಂತರ. ಅಂದರೆ ಶುರುವಾದದ್ದು ಕೆಲವು ಶಿಕ್ಷಕರು ಇನ್ನೊಂದು ಕೋಣೆಯಲ್ಲಿ ಹೋಗಿ ಕೂತು ನೋಡಿದ್ದರಿಂದ. ನಿಮ್ಮ ಕ್ಲಸ್ಟರ್‌ನಲ್ಲೂ ನಲಿಕಲಿ ಚೆನ್ನಾಗಿ ನಡೆಸುವ ಒಬ್ಬರಾದರೂ ಇರುತ್ತಾರೆ. ಹೊಸಬರನ್ನು ಒಂದು ದಿನ ಅಲ್ಲಿಗೆ ಕಳಿಸಿ. ಓಒಡಿ (ಬೇರೆ ಕಡೆ ಕರ್ತವ್ಯದ ಮೇಲೆ ಹೋಗುವ ಅನುಮತಿ) ಹಾಕಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಅರ್ಜಿ ಸಾಕು.

ಹೆಜ್ಜೆ 6: ಪೊರಕೆ ಯಾರ ಕೈಯಲ್ಲಿದೆ?

ಈ ಹೆಜ್ಜೆ ಯಾವ ತರಬೇತಿಯ ಪಿಪಿಟಿಯಲ್ಲೂ ನನಗೆ ಸಿಕ್ಕಿಲ್ಲ. ಒಂದು ವಾರ ಒಂದು ಪಟ್ಟಿ ಮಾಡಿ. ಕೋಣೆ ಗುಡಿಸಿದವರು ಯಾರು, ನೀರು ತಂದವರು ಯಾರು, ಬಿಸಿಯೂಟದಲ್ಲಿ ತಟ್ಟೆ ಹಂಚಿದವರು ಯಾರು, ಪ್ರಾರ್ಥನೆಗೆ ಮುಂದೆ ನಿಂತವರು ಯಾರು, ಸ್ಟಾಫ್ ರೂಮಿಗೆ ಚಹಾ ತಂದವರು ಯಾರು. ಸುಮ್ನೆ ಹೆಸರು ಬರೆಯಿರಿ, ಶನಿವಾರ ಓದಿ.

ನಾವು ಓದಿದಾಗ ಕೋಣೆ ಗುಡಿಸಿದ ಹೆಸರೆಲ್ಲ ಹುಡುಗಿಯರದ್ದು. ಅದರಲ್ಲೂ ಹೆಚ್ಚಿನವರು ಎರಡು ಕೇರಿಯವರು. ನೀರು ತಂದವರಲ್ಲಿ ಆ ಕೇರಿಯ ಒಂದು ಹೆಸರೂ ಇರಲಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. ಊರಿನಲ್ಲಿ ನಡೆಯುವುದೇ ಶಾಲೆಯ ಒಳಗೂ ನಡೆದುಕೊಂಡು ಬಂದಿತ್ತು, ನಾವು ಹೌದು ಅಂತ ಬಿಟ್ಟಿದ್ದೆವು. ಮೀಟಿಂಗ್‌ನಲ್ಲಿ ಯಾರ ಮೇಲೂ ಬೆರಳು ತೋರಿಸದೆ ಪಟ್ಟಿಯನ್ನು ಮಾತ್ರ ಮೇಜಿನ ಮೇಲೆ ಇಟ್ಟೆ. ಸೋಮವಾರದಿಂದ ಹಾಜರಿ ನಂಬರಿನ ಪ್ರಕಾರ ಕೆಲಸ ಹಂಚಿದೆವು. ಹುಡುಗರೂ ಗುಡಿಸಬೇಕು, ಎಲ್ಲ ಕೇರಿಯವರೂ ನೀರು ತರಬೇಕು. ಒಬ್ಬ ಪೋಷಕರು ಬಂದು ತಕರಾರು ಮಾಡಿದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಮೊದಲೇ ಒಪ್ಪಿಸಿ ಇಟ್ಟಿದ್ದರಿಂದ ಉಳಿದುಕೊಂಡೆವು. ಈ ಕ್ರಮವನ್ನು ಬದಲಿಸಬೇಡಿ. ಅಧ್ಯಕ್ಷರ ಜೊತೆ ಮಾತು ಮೊದಲು, ಬದಲಾವಣೆ ಆಮೇಲೆ. ಹೊಸ ಶಿಕ್ಷಕರನ್ನು ಈ ಜಗಳಕ್ಕೆ ಮುಂದೆ ನಿಲ್ಲಿಸಬೇಡಿ, ಅದು ಎಚ್.ಎಂ. ಕೆಲಸ.

ಅಂಗವಿಕಲ ಮಕ್ಕಳ ವಿಷಯದಲ್ಲಿ ಹೊಸಬರಿಗೆ ಒಂದು ಹೆಸರು, ಒಂದು ಫೋನ್ ನಂಬರು ಕೊಡಿ: ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು). 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಅದೆಲ್ಲ ಬಾಯಿಪಾಠ ಬೇಕಿಲ್ಲ. ಹಲಗೆ ಕಾಣದ ಮಗು, ಕರೆದರೆ ತಿರುಗದ ಮಗು ಇವರನ್ನು ಗುರುತಿಸಿ ಆ ನಂಬರಿಗೆ ಫೋನ್ ಮಾಡಲು ಬಂದರೆ ಮೊದಲ ವರ್ಷಕ್ಕೆ ಸಾಕು.

ಹೆಜ್ಜೆ 7: ದೀಪಾವಳಿ ಆದ ಮೇಲೆ ಖಾಲಿಯಾಗುವ ಸಾಲು

ನಮ್ಮ ಕಡೆ ಕಬ್ಬು ಕಡಿಯುವ ಕೆಲಸಕ್ಕೆ ತಾಂಡಾದ ಕುಟುಂಬಗಳು ಬೆಳಗಾವಿ ಕಡೆ, ಮಹಾರಾಷ್ಟ್ರದ ಕಡೆ ಹೋಗುತ್ತವೆ. ಮಕ್ಕಳೂ ಹೋಗುತ್ತಾರೆ. ಹೊಸ ಶಿಕ್ಷಕರು ಇದಕ್ಕೆ ತಯಾರಿರುವುದಿಲ್ಲ. ಅಷ್ಟು ಕಷ್ಟಪಟ್ಟು ಮಾತಾಡಿಸಿದ ಮಕ್ಕಳು ಒಂದು ಸೋಮವಾರ ಇರುವುದೇ ಇಲ್ಲ. ನಮ್ಮ ಮೇಡಂ ಆ ದಿನ ಸ್ಟಾಫ್ ರೂಮಿನಲ್ಲಿ ಅತ್ತರು.

ಆಗಸ್ಟ್‌ನಲ್ಲೇ ಹೇಳಿ ಇಡಿ. ಯಾರ್‍ಯಾರು ಹೋಗಬಹುದು ಅಂತ ಮಕ್ಕಳ ಪುಟದಲ್ಲಿ ಇದೆಯಲ್ಲ? ಅಜ್ಜಿ ಊರಲ್ಲೇ ಉಳಿಯುವ ಮನೆಗಳಿಗೆ ಹೋಗಿ ಮಗುವನ್ನು ಬಿಟ್ಟು ಹೋಗುವಂತೆ ಕೇಳಿ. ಋತುಮಾನದ ಹಾಸ್ಟೆಲ್ ಹತ್ತಿರದಲ್ಲಿ ಇದ್ದರೆ ಸಿಆರ್‌ಪಿ ಹತ್ತಿರ ವಿಚಾರಿಸಿ. ಹೋಗುವುದು ಖಚಿತವಾದ ಮಗುವಿನ ಕೈಗೆ ಪುಸ್ತಕ ಮತ್ತು ಒಂದು ಚೀಟಿ ಕೊಡಿ. ಚೀಟಿಯಲ್ಲಿ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಎರಡು ಸಾಲು, ಶಾಲೆಯ ಫೋನ್ ನಂಬರು. ವಾಪಸು ಬಂದಾಗ ಮತ್ತೆ ರ, ಗ, ಸದಿಂದ ಶುರು ಮಾಡಿಸಬೇಡಿ. ನಲಿಕಲಿಯ ಕಲಿಕಾ ಏಣಿ (ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ) ಇರುವುದೇ ಅದಕ್ಕೆ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹತ್ತಬಹುದು.

ಹೆಜ್ಜೆ 8: ಸಭೆ ಮತ್ತು ತರಬೇತಿಯಿಂದ ಏನಾದರೂ ಪಡೆಯುವುದು

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಅಂತ ಹೇಳುತ್ತದೆ. ಗಂಟೆಗಳಿಗೆ ಕೊರತೆ ಇಲ್ಲ. ಕೇಂದ್ರದ ನಿಷ್ಠಾ ತರಬೇತಿ ಇದೆ, ದೀಕ್ಷಾ ಆ್ಯಪ್‌ನಲ್ಲಿ ಕೋರ್ಸುಗಳಿವೆ, ಡಯಟ್‌ನಿಂದ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಿಂದ) ಕರೆ ಬರುತ್ತದೆ. ಒಂದು ಸಲ ನಾನು ಹೋದ ತರಬೇತಿಯಲ್ಲಿ ಬೆಳಿಗ್ಗೆ ಸಹಿ, ಹನ್ನೊಂದಕ್ಕೆ ಚಹಾ ಬಿಸ್ಕತ್ತು, ಆಮೇಲೆ ಸಂಪನ್ಮೂಲ ವ್ಯಕ್ತಿ ಪರದೆಯ ಮೇಲಿದ್ದುದನ್ನು ಓದಿದರು. ವಿಷಯ "ಚಟುವಟಿಕೆ ಆಧಾರಿತ ಕಲಿಕೆ". ನಾವು ಆರು ಗಂಟೆ ಅಲುಗಾಡದೆ ಕೂತೆವು.

ದೂರು ಹೇಳಿ ಪ್ರಯೋಜನ ಇಲ್ಲ, ಬಳಸಿಕೊಳ್ಳುವುದು ನೋಡಿ. ತರಬೇತಿಗೆ ಹೋಗುವ ಮುಂಚೆ ಹೊಸ ಶಿಕ್ಷಕರು ತಮ್ಮ ನೋಟ್‌ಬುಕ್ಕಿನಿಂದ ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ. "ಕುರಿ ಎಣಿಸುವ ಮಗುವಿಗೆ ಅಂಕಿ ಬರೆಯಲು ಹೇಗೆ ಕಲಿಸಲಿ?" ಈ ತರದ್ದು. ಅಲ್ಲಿ ಯಾರನ್ನಾದರೂ ಕೇಳಿಯೇ ಬರಬೇಕು. ಸಂಪನ್ಮೂಲ ವ್ಯಕ್ತಿಗೆ ಗೊತ್ತಿರದಿದ್ದರೆ ಊಟದ ಸಾಲಿನಲ್ಲಿ ನಿಂತ ಇನ್ನೊಬ್ಬ ಶಿಕ್ಷಕರಿಗೆ ಗೊತ್ತಿರುತ್ತದೆ. ವಾಪಸು ಬಂದ ಮರುದಿನ ಎಚ್.ಎಂ. ಒಂದೇ ಮಾತು ಕೇಳಲಿ: "ಸೋಮವಾರ ಏನು ಮಾಡಿ ನೋಡ್ತೀರಿ?"

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ನಮ್ಮ ಕೈಯಲ್ಲೇ ಇದೆ. ಅದನ್ನು ಮಾಹಿತಿ ಕೇಳುವ ಸಭೆ ಮಾಡಬೇಡಿ. ಮಾಹಿತಿಗೆ ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಅಲ್ಲಿ ಹೇಗೂ ರಾತ್ರಿ ಹತ್ತು ಗಂಟೆಗೂ "ತುರ್ತು" ಬರುತ್ತಲೇ ಇರುತ್ತದೆ. ಸಿಆರ್‌ಪಿ ಒಪ್ಪಿದರೆ ಮೊದಲ ಒಂದು ಗಂಟೆ ಹೀಗೆ ನಡೆಸಿ. ಇಬ್ಬರು ಶಿಕ್ಷಕರು ತಲಾ ಒಂದು ಮಗುವಿನ ನೋಟ್‌ಬುಕ್ ತರಬೇಕು. ಹೆಸರು ಕಾಣದ ಹಾಗೆ ರಟ್ಟಿಗೆ ಕಾಗದ ಹಚ್ಚಿ. ಎಲ್ಲರೂ ಪುಟ ತಿರುವಿ ನೋಡಲಿ. "ಈ ಮಗುವಿಗೆ ಏನು ಬರುತ್ತದೆ?" ಅನ್ನುವುದು ಮೊದಲ ಪ್ರಶ್ನೆ. ಏನು ಬರುವುದಿಲ್ಲ ಅನ್ನುವುದಕ್ಕೆ ಎಲ್ಲರ ಬಾಯಿ ತಾನೇ ತೆರೆಯುತ್ತದೆ, ಅದನ್ನು ಹತ್ತು ನಿಮಿಷ ತಡೆಯಿರಿ. ನಮ್ಮ ಕ್ಲಸ್ಟರ್‌ನಲ್ಲಿ ಮೊದಲ ಸಲ ಮಾಡಿದಾಗ ಅರ್ಧ ಜನ ಗಡಿಯಾರ ನೋಡಿದರು. ಮೂರನೇ ತಿಂಗಳು ಒಬ್ಬ ಹಿರಿಯ ಮೇಷ್ಟ್ರು ತಾವಾಗಿ ಎರಡು ನೋಟ್‌ಬುಕ್ ಚೀಲದಲ್ಲಿ ಹಾಕಿಕೊಂಡು ಬಂದರು.

"ಇದಕ್ಕೆಲ್ಲ ಸಮಯ ಎಲ್ಲಿದೆ?" ಅಂದರೆ ಒಂದು ಉತ್ತರ ಇಟ್ಟುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಬಂಧದಲ್ಲಿ ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ ಅಂತ ಇದೆ. ಅದರಲ್ಲಿ ತಯಾರಿಯ ಸಮಯವೂ ಸೇರಿದೆ. ತಯಾರಿ ಕೆಲಸವೇ, ಮನೆಗೆ ಹೋಗಿ ಅಡುಗೆ ಮಾಡುತ್ತ ಮಾಡುವುದಲ್ಲ. ವೇಳಾಪಟ್ಟಿಯಲ್ಲಿ ಹೊಸಬರಿಗೆ ದಿನಕ್ಕೆ ಒಂದು ಪಿರಿಯಡ್ ಬಿಡಿ.

ಹೆಜ್ಜೆ 9: ಅತಿಥಿ ಶಿಕ್ಷಕರನ್ನು ಹೊರಗೆ ನಿಲ್ಲಿಸಬೇಡಿ

ಕಾಯಂ ಶಿಕ್ಷಕರಿಗೆ ತರಬೇತಿ, ಅತಿಥಿ ಶಿಕ್ಷಕರಿಗೆ ಅವರ ತರಗತಿ. ಹೀಗೇ ನಡೆಯುತ್ತಿದೆ. ಆದರೆ ಎಷ್ಟೋ ಶಾಲೆಯಲ್ಲಿ ಊರಿನ ಮಾತು ಬಲ್ಲವರು ಅತಿಥಿ ಶಿಕ್ಷಕರೇ. ನಮ್ಮಲ್ಲಿ ಉರ್ದು ಮನೆಯಿಂದ ಬಂದ ಅತಿಥಿ ಶಿಕ್ಷಕಿ ಇದ್ದರು. ನಾನು ಅವರಿಂದ ವರ್ಷಪೂರ್ತಿ ಬರೀ ಹಾಜರಿ ತೆಗೆಸಿದ್ದೆ. ಆಮೇಲೆ ಬುದ್ಧಿ ಬಂತು. ಹೆಜ್ಜೆ ನಾಲ್ಕರ ಹಾಳೆ ಹಿಡಿದು ಕೂರುವ ಜೋಡಿಯಲ್ಲಿ ಅವರನ್ನೂ ಸೇರಿಸಿದೆವು. ನಾನು ಗಮನಿಸದ ಎಷ್ಟೋ ಪಿಸುಮಾತು ಅವರ ಹಾಳೆಯಲ್ಲಿ ಸಿಕ್ಕಿತು.

ಹೆಜ್ಜೆ 10: ಮಾರ್ಚ್‌ನಲ್ಲಿ ಪುಟ ತಿರುವುವುದು

ವರ್ಷದ ಕೊನೆಗೆ ಅಂಕ ನೋಡಲು ಬೇರೆಯವರಿದ್ದಾರೆ. ನೀವು ಹೊಸ ಶಿಕ್ಷಕರ ಜೊತೆ ಆ ಲಾಂಗ್ ನೋಟ್‌ಬುಕ್ ತೆಗೆದು ಕೂರಿ. ಜೂನ್‌ನ ಸಾಲು, ಮಾರ್ಚ್‌ನ ಸಾಲು ಪಕ್ಕ ಪಕ್ಕ ಓದಿ. ಎಲ್ಲ ಪುಟವೂ ಬದಲಾಗಿರುವುದಿಲ್ಲ. ನಮ್ಮ ಮೇಡಂ ಪುಸ್ತಕದಲ್ಲಿ 34 ಪುಟ ಇದ್ದವು. ಆರು ಪುಟದಲ್ಲಿ ಜೂನ್ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಆ ಆರು ಮಕ್ಕಳ ಹೆಸರನ್ನು ಮುಂದಿನ ವರ್ಷದ ಮೊದಲ ವಾರಕ್ಕೆ ಬೇರೆ ಹಾಳೆಯಲ್ಲಿ ಬರೆದಿಟ್ಟೆವು. ಬಾಟಿ ಹುಡುಗ ಕಬ್ಬಿನ ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಅವನ ಪುಟದ ಕೊನೆಯ ಸಾಲು ಅಕ್ಟೋಬರ್‌ನದು: "ಇವತ್ತು ನನಗೆ ಎರಡು ಲಂಬಾಣಿ ಪದ ತಿದ್ದಿದ."

ಶಿಕ್ಷಕರಿಗೆ ವರ್ಗಾವಣೆ ಆದರೆ ಈ ಪುಸ್ತಕ ಅವರ ಜೊತೆ ಹೋಗಬಾರದು. ಅದು ಶಾಲೆಯದ್ದು. ಆದರೆ ಅದನ್ನು ಆಫೀಸಿನ ಬೀರುವಿನಲ್ಲಿ ದಾಖಲಾತಿ ವಹಿಗಳ ಜೊತೆ ಇಡಬೇಡಿ, ನಲಿಕಲಿ ಕಾರ್ಡಿನ ಟ್ರಂಕಿನಲ್ಲಿ ಇಡಿ. ಬೀರುವಿನ ಕೀಲಿ ಎಚ್.ಎಂ. ಜೇಬಿನಲ್ಲಿ ಇರುತ್ತದೆ, ಎಚ್.ಎಂ. ಮೀಟಿಂಗ್‌ನಲ್ಲಿ ಇರುತ್ತಾರೆ.